ಹಿಂದಿನ ಎಡ ಸೀಟು

ನಾನು ಒಂದು ಕಾರು. ಕಂಪನಿ ಇಟ್ಟ ಹೆಸರು 'ಮೌನ'. ಹೊಗೆಯಿಲ್ಲ, ಸದ್ದಿಲ್ಲ, ಮುಂದೆ ಜಾಲರಿಯಿಲ್ಲ, ಬಾಗಿಲಿಗೆ ಹಿಡಿಕೆ ಕಾಣುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಹಿಂದುಗಡೆ ಗಾಜೇ ಇಲ್ಲ. ಈ ಮಾತು ಕೇಳಿ ನೀವು ಹುಬ್ಬೇರಿಸಿದಿರಿ ಎಂದು ಬಲ್ಲೆ. ಏರಿಸಿ, ಬೇಜಾರಿಲ್ಲ. ನನ್ನನ್ನು ನೋಡಿದವರೆಲ್ಲ ಮೊದಲು ಮಾಡುವ ಕೆಲಸವೇ ಅದು.

ನಮ್ಮ ವಂಶ ಹುಟ್ಟಿದ್ದು ಮಣ್ಣಿನಲ್ಲಿ. ನಗಬೇಡಿ, ನಿಜ ಹೇಳುತ್ತಿದ್ದೇನೆ. ದೊಡ್ಡ ಕಾರ್ಖಾನೆಗಳಲ್ಲಿ ತಗಡು ಬಡಿಯುವ ಮೊದಲು ಕಾರಿನಷ್ಟೇ ದೊಡ್ಡ ಮಣ್ಣಿನ ಗೊಂಬೆ ಮಾಡುತ್ತಾರೆ. ಗಣಪತಿ ಮಾಡುವವರು ಸೊಂಡಿಲು ತಿದ್ದುವ ಹಾಗೆ ಅದರ ಸೊಂಟ, ಭುಜ ಎಲ್ಲವನ್ನೂ ಕೈಯಲ್ಲೇ ತಿದ್ದುತ್ತಾರೆ. ಹಾಗೆ ತಿದ್ದುತ್ತಿದ್ದಾಗ ಡಿಸೈನರ್ ಒಬ್ಬ ಬಂದು, ಹಿಂದಿನ ಗಾಜು ಇರಬೇಕಾದ ಜಾಗಕ್ಕೆ ಹಿಡಿಹಿಡಿ ಮಣ್ಣು ಮೆತ್ತಿ ಮುಚ್ಚಿಬಿಟ್ಟನಂತೆ. ಅಲ್ಲಿದ್ದ ಹಿರಿಯರು, "ಅಯ್ಯೋ, ಹಿಂದೆ ಏನು ಬರ್ತಿದೆ ಅಂತ ಗೊತ್ತಾಗೋದು ಹೇಗಪ್ಪಾ?" ಎಂದರು. "ಕ್ಯಾಮೆರಾ ಇದೆಯಲ್ಲ ಸರ್" ಎಂದ ಅವನು. ಬೇರೆ ಕಾರುಗಳ ಬೆನ್ನ ಮೇಲೆ ಕಂಪನಿಯ ಲಾಂಛನ ಇರುತ್ತದಲ್ಲ, ಸರಿಯಾಗಿ ಆ ಜಾಗದಲ್ಲಿ ಗುಂಡಗೆ ಹೊಳೆಯುವ ಒಂದು ಕಣ್ಣು ಕೂರಿಸಿದ. ಒಳಗೆ ಚಾಲಕನ ತಲೆಯ ಮೇಲೆ, ಕನ್ನಡಿಯ ಬದಲು ಒಂದು ಪುಟ್ಟ ಪರದೆ. ಹಿಂದಿನ ರಸ್ತೆಯೆಲ್ಲ ಅದರಲ್ಲಿ ಕಾಣುತ್ತದೆ. ಆದರೆ ಹಿಂದಿನ ಸೀಟಿನಲ್ಲಿ ಕೂತವರು ಕಾಣುವುದಿಲ್ಲ. ನನ್ನ ಕಥೆಯೆಲ್ಲ ಇಷ್ಟರಲ್ಲೇ ಇದೆ, ಮರೆಯಬೇಡಿ.

ನನ್ನನ್ನು ಮಾರಲು ಕಂಪನಿಯವರು ಮಾಡಿದ ಹುಚ್ಚಾಟ ಒಂದೆರಡಲ್ಲ. ಮೊದಲ ಜಾಹೀರಾತಿನಲ್ಲಿ ಕಾರೇ ಇರಲಿಲ್ಲ! ಬಿಳಿ ಸೀರೆಯ ಹೆಂಗಸೊಬ್ಬಳು ಬಟಾಬಯಲಿನಲ್ಲಿ ನಡೆದು ಹೋಗುತ್ತಾಳೆ. ಯಾರೋ ಕೂಗುತ್ತಾರೆ. ಅವಳು ತಿರುಗುವುದಿಲ್ಲ. ಆಮೇಲೆ ಅಕ್ಷರ ಮೂಡುತ್ತದೆ: 'ಹಿಂದೆ ನೋಡಬೇಡಿ.' ಅಷ್ಟೇ. ಕಾರಿನ ಹುಚ್ಚಿರುವವರು ಫೋನು ಹಿಡಿದು ಕಾದು ಕೂತಿದ್ದರು ನೋಡಿ, ಅವರಿಗೆ ಮೈಯೆಲ್ಲ ಉರಿದುಹೋಯಿತು. "ಇದು ಸೀರೆ ಅಂಗಡಿ ಜಾಹೀರಾತಾ?" ಎಂದ ಒಬ್ಬ. "ಹೆಂಗಸು ಕಂಡಳು, ಕಾರೆಲ್ಲಿ ಸ್ವಾಮಿ?" ಎಂದ ಇನ್ನೊಬ್ಬ. ನಾನು ಕಂಡ ಮೇಲಂತೂ ಕೇಳಬೇಡಿ. ಫ್ರಿಜ್ಜು ಎಂದರು, ಇಸ್ತ್ರಿಪೆಟ್ಟಿಗೆ ಎಂದರು, ಕಾರುಗಳ ಮಾನ ಕಳೆದೆ ಎಂದರು. ಚೆನ್ನಾಗಿದೆ ಎಂದ ಒಬ್ಬಿಬ್ಬರ ಮೇಲೂ ಉಳಿದವರು ಮುಗಿಬಿದ್ದರು. ನನಗೂ ತಿರುಗಿ ಬೈಯಬೇಕೆನಿಸುತ್ತಿತ್ತು. ಆದರೆ ಹೆಸರೇ ಮೌನ, ಏನು ಮಾತಾಡಲಿ?

ಬೆಂಗಳೂರಿನ ದೊಡ್ಡ ಸಭಾಂಗಣದಲ್ಲಿ ನನ್ನನ್ನು ಮೊದಲ ಸಲ ಜನರ ಮುಂದೆ ನಿಲ್ಲಿಸಿದರು. ಊರೂರಿನ ಕಾರುಪ್ರಿಯರ ಸಂಘಗಳಿಗೆ ಆಮಂತ್ರಣ ಹೋಗಿತ್ತು. ಹುಬ್ಬಳ್ಳಿಯ ಸಂಘದಿಂದ ಇಬ್ಬರು ಬಂದಿದ್ದರು. ಒಬ್ಬ ಅಶ್ಫಾಕ್ ಕಿಲ್ಲೇದಾರ. ಹಳೆಯ ಕಾರುಗಳನ್ನು ರಿಪೇರಿ ಮಾಡಿ ಜೀವ ತುಂಬುವವನು, ಬಾಯಿ ಬಿಟ್ಟರೆ ಬೆಂಕಿ. ಇನ್ನೊಬ್ಬರು ಅವನ ಗೆಳೆಯ, ಬಣ್ಣದಂಗಡಿಯ ಗುರುಶಾಂತಪ್ಪ ಹಂಚಿನಮನಿ. ಮನೆಯಲ್ಲಿ ಒಬ್ಬರೇ ಕೂತು ಕೊರಗುತ್ತಾರೆಂದು ಅಶ್ಫಾಕ್ ಅವರನ್ನು ಎಳೆದು ತಂದಿದ್ದ.

ಅಶ್ಫಾಕ್ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದು ಕಾರೋ ಕಪಾಟೋ?" ಎಂದು ಜೋರಾಗಿ ನಕ್ಕ. ಸುತ್ತಲಿನವರೂ ನಕ್ಕರು. ಗುರುಶಾಂತಪ್ಪ ನಗಲಿಲ್ಲ. ಅವರು ಮೊದಲು ನನ್ನ ಬಣ್ಣದ ಮೇಲೆ ಬೆರಳಾಡಿಸಿದರು. ಬೂದಿಯೂ ಅಲ್ಲದ ನೀಲಿಯೂ ಅಲ್ಲದ ಬಣ್ಣ ನನ್ನದು. ಆಮೇಲೆ ಒಳಗೆ ಕೂತು ಮೇಲಿನ ಪರದೆ ನೋಡಿದರು. ನೋಡುತ್ತಲೇ ಇದ್ದರು. ಕಂಪನಿಯ ಹುಡುಗಿ ಓಡಿ ಬಂದಳು.

"ಹಿಂದ ಕುಂತವರು ಇದರಾಗ ಕಾಣ್ಸಂಗಿಲ್ಲೇನವಾ?" ಎಂದು ಕೇಳಿದರು.

ಬೆಳಗಿನಿಂದ ಎಲ್ಲರೂ ಆಡಿದ ದೂರೇ ಅದು. ಹುಡುಗಿಯ ಮುಖ ಸಪ್ಪಗಾಯಿತು. "ಇಲ್ಲ ಸರ್, ರಸ್ತೆ ಮಾತ್ರ. ಅದೊಂದು ಸ್ವಲ್ಪ... ಅಭ್ಯಾಸ ಆಗ್ಬಿಡತ್ತೆ ಸರ್."

"ಹಂಗಾರ ಇದ ಬೇಕು ನನಗ" ಎಂದರು ಗುರುಶಾಂತಪ್ಪ. "ಬ್ಯಾರೇದ್ದು ಬ್ಯಾಡ, ಇದ."

ನನಗಾದ ಹಿಗ್ಗು ಹೇಳತೀರದು. ಸಾವಿರ ಬಾಯಿ ಬೈದ ಮೇಲೆ ಒಂದು ಬಾಯಿ ಬೇಕು ಎಂದಿತು. ಯಾಕೆ ಬೇಕೆಂದಿತು ಎನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ಹುಬ್ಬಳ್ಳಿಗೆ ಬಂದ ಮೇಲೆ ಗೊತ್ತಾಯಿತು. ಗುರುಶಾಂತಪ್ಪನವರಿಗೆ ಒಬ್ಬರೇ ಗಾಡಿ ಓಡಿಸುವಾಗ ಮಾತಾಡುವ ಚಾಳಿ. ಆ ಮಾತುಗಳಿಂದಲೇ ಎಲ್ಲ ತಿಳಿದೆ. ಅವರ ಹೆಂಡತಿ ಇಂದುಮತಿ, ಮಗಳು ಮುಕ್ತಾ. ಪ್ರತಿವರ್ಷ ದಸರೆಯ ಬನ್ನಿ ಕೊಡಲು ಮೂವರೂ ಅಣ್ಣಿಗೇರಿಗೆ, ಇಂದುಮತಿಯ ತವರಿಗೆ ಹೋಗುತ್ತಿದ್ದರು. ಹಿಂದಿನ ದಸರೆಗೂ ಹೋಗಿದ್ದರು, ಆಗ ಇದ್ದ ಹಳೆಯ ಕಾರಿನಲ್ಲಿ. ಮುಕ್ತಾ ಮುಂದೆ, ಇಂದುಮತಿ ಹಿಂದೆ ಎಡಗಡೆ. ತಿರುಗಿ ಬರುವಾಗ ಮುಕ್ತಾ, "ಅವ್ವಾ, ಬೆಲ್ಟ್ ಹಾಕ್ಕೋ" ಎಂದಳಂತೆ. "ಹಿಂದ ಕುಂತವರಿಗೆ ಯಾಕ ಬೆಲ್ಟು?" ಎಂದು ಇಂದುಮತಿ ನಕ್ಕಳಂತೆ. ಮುಕ್ತಾ ಬಿಡಲಿಲ್ಲ. ಗುರುಶಾಂತಪ್ಪ ಹೆಂಡತಿಯ ಪರ ವಹಿಸಿ, ತಾವೂ ನಕ್ಕು, "ಬಿಡ ಮಗಳ, ನಿಮ್ಮವ್ವಗ ಉಸರು ಕಟ್ಟತೈತಿ" ಎಂದರು.

ಸಂಜೆಯ ಮಬ್ಬು. ಕನ್ನಡಿಯಲ್ಲಿ ಹೆಂಡತಿ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದಳು. ಇವರು ಅದನ್ನೇ ನೋಡುತ್ತ ಮುಗುಳ್ನಗುತ್ತಿದ್ದರು. ಹತ್ತಿ ಹೇರಿದ ಟ್ರ್ಯಾಕ್ಟರೊಂದು ದೀಪವಿಲ್ಲದೆ ರಸ್ತೆಯಲ್ಲೇ ನಿಂತಿದ್ದು ಕಣ್ಣಿಗೆ ಬೀಳಲಿಲ್ಲ. ಬೆಲ್ಟ್ ಹಾಕಿದ್ದ ಅಪ್ಪ ಮಗಳು ಉಳಿದರು. ಇಂದುಮತಿ ಉಳಿಯಲಿಲ್ಲ.

ಅದಕ್ಕೇ ಅವರಿಗೆ ನಾನು ಬೇಕಾಗಿದ್ದು. ತಲೆಯೆತ್ತಿದರೆ ಹಿಂದಿನ ಸೀಟು ಕಾಣಬಾರದು. ಜಗತ್ತಿನ ಕಾರುಪ್ರಿಯರೆಲ್ಲ ಯಾವುದನ್ನು ನನ್ನ ದೊಡ್ಡ ತಪ್ಪು ಎಂದು ಬೈದರೋ, ಅದನ್ನೇ ಈ ಮನುಷ್ಯ ಔಷಧಿಯೆಂದು ಮನೆಗೆ ತಂದಿದ್ದರು. ಇದು ತಿಳಿದ ದಿನ ನನ್ನ ಜಂಬವೆಲ್ಲ ಇಳಿದುಹೋಯಿತು.

ಮುಕ್ತಾ ನನ್ನ ಹತ್ತಿರ ಬರಲಿಲ್ಲ. ಕಾಲೇಜಿಗೆ ಬಸ್ಸು, ಅಣ್ಣಿಗೇರಿಯ ಅಜ್ಜಿಯ ಮನೆಗೂ ಬಸ್ಸು. ಅಪಘಾತದ ನಂತರ ಅವಳು ಯಾವ ಕಾರನ್ನೂ ಹತ್ತಿರಲಿಲ್ಲ. ಅಪ್ಪನೊಡನೆ ಮಾತೂ ಅಷ್ಟಕ್ಕಷ್ಟೇ. ಊಟಕ್ಕೆ ಬಾ, ಬಾಗಿಲು ಹಾಕ್ಕೋ, ಮುಗಿಯಿತು. "ಒಮ್ಮೆ, ಒಂದ ಒಮ್ಮೆ, ನನ್ನ ಜೋಡಿ ಕುಂತು ಬಂದ್ರ ಸಾಕು" ಎಂದು ಗುರುಶಾಂತಪ್ಪ ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ಸ್ಟೇರಿಂಗಿಗೆ ಹೇಳುತ್ತಿದ್ದರು. ಅವರಿಗೆ ಬದುಕಿನಲ್ಲಿ ಬೇರೆ ಆಸೆಯೇ ಉಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಸಂಘದವರು ಉಣಕಲ್ ಕೆರೆಯ ಹತ್ತಿರ ಸೇರುತ್ತಿದ್ದರು. ಗಿರ್ಮಿಟ್ಟು, ಮಿರ್ಚಿ, ಚಹಾ, ನಡುನಡುವೆ ನನ್ನ ಮರ್ಯಾದೆ ತೆಗೆಯುವುದು. ಒಂದು ದಿನ ಅಶ್ಫಾಕ್ ನನ್ನ ಬೆನ್ನು ತಡವಿ, "ಲೇ ಗುರು, ಹೆಣಾ ಒಯ್ಯೋ ಗಾಡಿಗೂ ಹಿಂದ ಗಾಜ ಇರ್ತಾವಲ್ಲೋ!" ಎಂದುಬಿಟ್ಟ. ಅಂದವನೇ ನಾಲಿಗೆ ಕಚ್ಚಿಕೊಂಡ. ಎಲ್ಲರೂ ಚಹಾ ಲೋಟದೊಳಗೆ ಮುಖ ಹುದುಗಿಸಿದರು. ಅಶ್ಫಾಕ್ ಮೆಲ್ಲಗೆ, "ಇಂದುಮತಿ ವೈನಿ ಇದ್ದಿದ್ರ ನಿನಗ ಈ ಕ್ಯಾಮೆರಾನ ಬೇಕಾಗ್ತಿರ್ಲಿಲ್ಲ ನೋಡು" ಎಂದ.

ಅದು ನಿಜವಂತೆ. ಅಂಗಡಿಯ ಹಿತ್ತಲಿನಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗೆಲ್ಲ ಇಂದುಮತಿ ಇಳಿದು ಹಿಂದೆ ನಿಲ್ಲುತ್ತಿದ್ದಳು. "ಬರ್ಲಿ, ಬರ್ಲಿ, ಬರ್ಲಿ..." ಗೇಟು ಹತ್ತಿರವಾದ ಕೂಡಲೇ ಗಾಡಿಯ ಬೆನ್ನಿಗೆ ಎಡಗಡೆ ಎರಡು ಏಟು. "ಸಾಕ್ರೀ, ಸಾಕ್ರೀ!" ಜೊತೆಗೆ ಅವಳ ಹಸಿರು ಗಾಜಿನ ಬಳೆಗಳ ಸದ್ದು. ನಾನು ಅವಳನ್ನು ನೋಡಿದವನಲ್ಲ. ಆದರೆ ಗುರುಶಾಂತಪ್ಪ ನನ್ನನ್ನು ಹಿಂದಕ್ಕೆ ತೆಗೆಯುವಾಗೆಲ್ಲ ಪರದೆಯನ್ನು ನೋಡದೆ ಕಿವಿಗೊಟ್ಟು ಕೂತಿರುತ್ತಿದ್ದರು. ಆಗ ನನಗೂ ಬೆನ್ನ ಮೇಲೆ ಯಾರೋ ಕೈಯೆತ್ತಿ ನಿಂತಿದ್ದಾರೆ ಅನಿಸುತ್ತಿತ್ತು.

ಆ ಶಬ್ದ ಶುರುವಾಗಿದ್ದು ಒಂದು ಮಧ್ಯಾಹ್ನ. ಗುರುಶಾಂತಪ್ಪ ಧೈರ್ಯ ಮಾಡಿ ಅಣ್ಣಿಗೇರಿಗೆ ಹೊರಟಿದ್ದರು, ಒಬ್ಬರೇ. ಗದಗ ರಸ್ತೆಗೆ ತಿರುಗಿದೆವೋ ಇಲ್ಲವೋ, ಟಿಂಗ್, ಟಿಂಗ್, ಟಿಂಗ್. ಹಿಂದೆ ಕೂತವರು ಬೆಲ್ಟ್ ಹಾಕದಿದ್ದರೆ ನಾನು ಮಾಡಬೇಕಾದ ಸದ್ದದು. ಸೀಟಿನ ಮೇಲೆ ಭಾರ ಬಿದ್ದರೆ ಮಾತ್ರ ಅದು ಮೊಳಗುತ್ತದೆ. ಮುಂದಿನ ಫಲಕದಲ್ಲಿ ಕೆಂಪು ದೀಪ ಹೊತ್ತಿ ಯಾವ ಸೀಟು ಎಂದು ತೋರಿಸಿತು. ಹಿಂದಿನ ಎಡ ಸೀಟು.

ಗುರುಶಾಂತಪ್ಪ ಪರದೆ ನೋಡಿದರು, ರಸ್ತೆ ಮಾತ್ರ ಕಂಡಿತು. ಕತ್ತು ತಿರುಗಿಸಿ ನೋಡಿದರೆ ಎಲ್ಲ ತಿಳಿಯುತ್ತಿತ್ತು. ತಿರುಗಿಸಲಿಲ್ಲ. ಅಲ್ಲೇ ಗಾಡಿ ಹೊರಳಿಸಿ ಮನೆಗೆ ಬಂದು, ಸೀಟಿನಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತರು.

ಮುಂದೆ ಅದು ಯಾವಾಗೆಂದರೆ ಆವಾಗ ಮೊಳಗತೊಡಗಿತು. ಕಂಪನಿಯವರು ಸೀಟಿನ ಕೆಳಗಿನದೆಲ್ಲ ಬದಲಿಸಿದರು. ಆದರೂ ಮೊಳಗಿತು. ಅಶ್ಫಾಕ್ ಒಮ್ಮೆ ಜೊತೆಯಲ್ಲಿದ್ದಾಗ ಶಬ್ದ ಬಂತು. ಅವನು ಗಾಡಿ ನಿಲ್ಲಿಸಲು ಹೇಳಿ, ಹಿಂದಿನ ಬಾಗಿಲು ತೆಗೆದು, ಸೀಟಿನ ಮೇಲೆ ಅಂಗೈ ಇಟ್ಟ. ಇಟ್ಟವನೇ ಸರಕ್ಕನೆ ಕೈ ಎಳೆದುಕೊಂಡ. ಬಾಯಲ್ಲೇ ಬಿಸ್ಮಿಲ್ಲಾ ಎಂದು ಬಾಗಿಲು ಹಾಕಿದ. "ವೈರು ಲೂಸ್ ಇರಬೇಕು ಬಿಡೋ" ಎಂದ. ಅವನ ಗಂಟಲೇ ಲೂಸಾಗಿತ್ತು.

ನನ್ನನ್ನು ಕೇಳುತ್ತೀರಾ? ಸುಳ್ಳು ಹೇಳಲಾರೆ. ಭಾರ ಇರುತ್ತಿತ್ತು. ಗಟ್ಟಿಯಾದ ಭಾರವಲ್ಲ, ಸೆರಗು ಸರಿಪಡಿಸಿಕೊಂಡು ಹಗೂರಕ್ಕೆ ಕೂತವರ ಭಾರ. ಕ್ಯಾಮೆರಾ ಹೊರಗೆ ನೋಡುತ್ತದೆ, ಒಳಗಿನದನ್ನು ನಾನು ಕಂಡಿಲ್ಲ. ಹೆದರಿಕೆಯಾಗುತ್ತಿತ್ತೇ ಎಂದರೆ, ಹೌದು, ಆಗುತ್ತಿತ್ತು.

ಇಷ್ಟರ ಮೇಲೆ ಕಂಪನಿಯ ಜಾಹೀರಾತಿನವರು ಹುಬ್ಬಳ್ಳಿಗೆ ಬಂದರು. ನಾವು ಮಾರಾಟವಾಗುತ್ತಿರಲಿಲ್ಲ, ಕೊಂಡವರ ಬಾಯಿಂದಲೇ ಹೊಗಳಿಸೋಣ ಎಂದು ಹೊರಟಿದ್ದರು. ಕೆರೆಯ ದಂಡೆಯಲ್ಲಿ ನನ್ನನ್ನು ನಿಲ್ಲಿಸಿ, ಗುರುಶಾಂತಪ್ಪನವರನ್ನು ನನಗೊರಗಿಸಿ, "ಒಂದೇ ಸಾಲು ಸರ್. 'ನಾನು ಹಿಂದೆ ನೋಡೋದಿಲ್ಲ.' ಅಷ್ಟು ಹೇಳಿದ್ರೆ ಸಾಕು" ಎಂದರು. ಗುರುಶಾಂತಪ್ಪ ಸಂಕೋಚದ ಮನುಷ್ಯ, ಒಲ್ಲೆ ಎನ್ನಲಾರದೆ ಬಾಯಿ ತೆರೆದರು. ಮಾತು ಹೊರಡಲಿಲ್ಲ. ಕಣ್ಣು ತುಂಬಿ ಬಂತು. ಕ್ಯಾಮೆರಾದವನು ನಿಲ್ಲಿಸಲು ಹೋದರೆ ನಿರ್ದೇಶಕ ಅವನ ಕೈ ಹಿಡಿದು, "ತಗೋ, ತಗೋ, ಇದೇ ಬೇಕು" ಎಂದು ಪಿಸುಗುಟ್ಟಿದ. ಥೂ! ನನಗೆ ಕಾಲಿದ್ದಿದ್ದರೆ ಝಾಡಿಸಿ ಒದೆಯುತ್ತಿದ್ದೆ.

ಆ ಕಣ್ಣೀರು ಊರೂರು ಸುತ್ತಿತು. ನನ್ನನ್ನು ಬೈದವರೇ ಈಗ, ಎಂಥ ಜಾಹೀರಾತು, ಎದೆ ಕರಗಿತು ಎಂದರು. ಇನ್ನು ಕೆಲವರು, ಬೆಲೆ ಕೇಳಿ ಅತ್ತಿರಬೇಕು ಎಂದು ಹಲ್ಲು ಕಿಸಿದರು. ಮುಕ್ತಾ ಅದನ್ನು ಕಾಲೇಜಿನಲ್ಲಿ ಗೆಳತಿಯ ಫೋನಿನಲ್ಲಿ ನೋಡಿದಳು. ಅಪ್ಪನ ಒದ್ದೆ ಕಣ್ಣು, ಅದರ ಕೆಳಗೆ ದಪ್ಪ ಅಕ್ಷರ: 'ಹಿಂದೆ ನೋಡಬೇಡಿ.'

ಆವತ್ತು ಅವಳು ಮೊದಲ ಸಲ ನನ್ನ ಹತ್ತಿರ ಬಂದಳು. ಅಪ್ಪ ಇನ್ನೂ ಇಳಿದಿರಲಿಲ್ಲ. ಕಿಟಕಿಯ ಪಕ್ಕ ನಿಂತು, "ಅವ್ವನ್ನ ಮರ್ತೀನಿ ಅಂತ ಊರಿಗೆಲ್ಲಾ ಸಾರಾಕ ಹೊಂಟೀಯೇನಪಾ? ಅವತ್ತ ನಕ್ಕಿ. ಇವತ್ತ ಅತ್ತು ತೋರ್ಸಾಕತ್ತೀಯಲ್ಲ" ಎಂದಳು. ಅವಳು ಹೋದ ಮೇಲೆ ಗುರುಶಾಂತಪ್ಪ ಸ್ಟೇರಿಂಗ್ ಮೇಲೆ ಹಣೆಯಿಟ್ಟು ಕೂತಿದ್ದರು. ಹಿಂದೆ ಎಡ ಸೀಟಿನಿಂದ ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು.

ದಸರೆ ಬಂತು. ಈ ಕಡೆ ಆಯುಧಪೂಜೆಗೆ ಖಂಡೇಪೂಜೆ ಎನ್ನುತ್ತಾರೆ. ಅಂಗಡಿಯ ಬಣ್ಣ ಕಲಸುವ ಯಂತ್ರ, ತಕ್ಕಡಿ, ಏಣಿ, ಎಲ್ಲಕ್ಕೂ ಅಂದು ಪೂಜೆ. ನನ್ನನ್ನು ಹಿತ್ತಲಿನಲ್ಲಿ ಗೋಡೆಗೆ ಮುಖ, ಗೇಟಿಗೆ ಬೆನ್ನು ಮಾಡಿ ನಿಲ್ಲಿಸಿದ್ದರು. ಅಂಗಡಿಯ ಹಿರಿಯ ಕೆಲಸಗಾರ ಕಲ್ಲಪ್ಪಜ್ಜ ಮನೆಗೇ ಹೋಗಿ ಮುಕ್ತಾಳನ್ನು ಕರೆತಂದಿದ್ದ. "ನಿಮ್ಮವ್ವ ಮಾಡೋ ಆರತಿ ಇದು, ನೀ ಬರ್ಲಿಲ್ಲಂದ್ರ ಹೆಂಗವಾ?" ಎಂದಿದ್ದನಂತೆ. ಅವಳು ಯಂತ್ರಗಳಿಗೆಲ್ಲ ಆರತಿ ಎತ್ತಿದಳು. ನನ್ನ ಸರದಿ ಬಂದಾಗ ತಟ್ಟೆ ಕಲ್ಲಪ್ಪಜ್ಜನ ಕೈಗೆ ಕೊಟ್ಟು ಸರಿದಳು.

ಅಜ್ಜ ಜೀವ ಸುರಿದು ಪೂಜೆ ಮಾಡಿದ. ಮುಂದೆ ಬಾಳೆಕಂಬ, ಹಿಂದೆ ಸಾಲಾಗಿ ಚೆಂಡುಹೂವಿನ ಮಾಲೆ. ಮಾಲೆ ತಾಗಿದ್ದಕ್ಕೆ, ಹಿಂದೆ ಯಾರೋ ಇದ್ದಾರೆಂದು ನನ್ನ ಬೀಪ್ ಕೂಗಿಕೊಂಡಿತು. "ಪೂಜಾದಾಗ ಏನಿದು ಕಿರಿಕಿರಿ" ಎಂದು ಗುರುಶಾಂತಪ್ಪ ಅದನ್ನು ಬಂದ್ ಮಾಡಿದರು. ಆಮೇಲೆ ಅಜ್ಜ ಕುಂಕುಮ ಹಚ್ಚಲು ಹಿಂದೆ ಬಂದ. ಯಾವ ಗಾಡಿಗಾದರೂ ಲಾಂಛನದ ಮೇಲೆ ದೊಡ್ಡ ಬೊಟ್ಟು ಇಡುವುದು ಅವನ ಪದ್ಧತಿ. ನನ್ನ ಬೆನ್ನ ನಡುವೆ ಗುಂಡಗೆ ಹೊಳೆಯುವುದೊಂದು ಕಂಡಿತು. ನೀರಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆರಳಿನಲ್ಲಿ ತೆಗೆದು ಅದರ ಮೇಲೆ ಭಕ್ತಿಯಿಂದ ಒತ್ತಿದ. ನನ್ನ ಒಂದೇ ಒಂದು ಹಿಂದಿನ ಕಣ್ಣು ಮುಚ್ಚಿಹೋಯಿತು. ಅಜ್ಜನನ್ನು ಬೈಯಬೇಡಿ, ಗಾಡಿಗೆ ಬೆನ್ನಲ್ಲಿ ಕಣ್ಣಿರುತ್ತದೆಂದು ಅವನಿಗೆ ಯಾರು ಹೇಳಿದ್ದರು?

ಗೇಟಿನ ಹತ್ತಿರ ಬೂದುಗುಂಬಳ ಒಡೆದರು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಪ್ರಸಾದಕ್ಕೆಂದು ಎಲ್ಲರೂ ಒಳಗೆ ಹೋದರು. ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸುವುದೊಂದು ಬಾಕಿ. ಗುರುಶಾಂತಪ್ಪ ಬಂದು ಕೂತು, ನನ್ನನ್ನು ಹಿಂದಕ್ಕೆ ಹೋಗುವ ಗೇರಿಗೆ ಹಾಕಿ, ತಲೆಯೆತ್ತಿ ಪರದೆ ನೋಡಿದರು.

ಪರದೆ ತುಂಬ ಕೆಂಪು.

ಅವರಿಗೆ ಅದು ಕುಂಕುಮವಾಗಿ ಕಾಣಲಿಲ್ಲ. ಹೋದ ದಸರೆಯ ಸಂಜೆ ಮುರಿದ ಕನ್ನಡಿಯಲ್ಲಿ ಕಂಡದ್ದೇ ಕಂಡಿತು. "ಇಂದೂ" ಎಂದರು. ಕಣ್ಣು ಗಟ್ಟಿ ಮುಚ್ಚಿದರು. ಬ್ರೇಕಿನ ಮೇಲಿದ್ದ ಕಾಲು ಸಡಿಲವಾಯಿತು. ನಾನು ಸದ್ದಿಲ್ಲದೆ ಹಿಂದಕ್ಕೆ ಸರಿಯತೊಡಗಿದೆ. ನಿಂಬೆಹಣ್ಣು ಪಚಕ್ಕೆಂದವು.

ಮುಕ್ತಾ ಒಳಗೆ ಹೋಗಿರಲಿಲ್ಲ. ಒಡೆದ ಕುಂಬಳದ ಹೋಳಿನ ಮೇಲೆ ಬೈಕಿನವರು ಜಾರಿ ಬೀಳುತ್ತಾರೆಂದು ಇಂದುಮತಿ ಪ್ರತಿವರ್ಷ ತಾನೇ ಆರಿಸಿ ಹಾಕುತ್ತಿದ್ದಳು. ಈ ಸಲ ಮಗಳು ಆ ಕೆಲಸಕ್ಕೆ ನಿಂತಿದ್ದಳು, ಗೇಟಿನ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ನನಗೆ ಬೆನ್ನು ಮಾಡಿ. ನನ್ನ ಕಣ್ಣು ಮುಚ್ಚಿತ್ತು, ಬಾಯಿ ಕಟ್ಟಿತ್ತು. ಸದ್ದಿಲ್ಲದ್ದೇ ನನ್ನ ಹೆಚ್ಚುಗಾರಿಕೆ ಎಂದು ಕಂಪನಿ ಕೊಚ್ಚಿಕೊಂಡಿತ್ತಲ್ಲ, ಆ ಹೆಚ್ಚುಗಾರಿಕೆಗಿಷ್ಟು ಬೆಂಕಿ ಹಾಕ!

ಆಗ ನನ್ನ ಬೆನ್ನಿಗೆ ಬಿತ್ತು ಏಟು. ಎಡಗಡೆ. ಒಂದು, ಮತ್ತೊಂದು. ಜೊತೆಗೆ ಬಳೆಗಳ ಸದ್ದು.

"ಸಾಕ್ರೀ! ಸಾಕ್ರೀ!"

ಗುರುಶಾಂತಪ್ಪನವರ ಕಾಲು ತಾನಾಗಿ ಬ್ರೇಕ್ ಒತ್ತಿತು. ನಾನು ಗಕ್ಕನೆ ನಿಂತೆ. ನನ್ನ ಮಾಲೆಯ ತುದಿ ತನ್ನ ಬೆನ್ನಿಗೆ ತಾಗಿ ಮುಕ್ತಾ ಚೀರಿ ಎದ್ದಳು.

ಗುರುಶಾಂತಪ್ಪ ಬಾಗಿಲು ದಬ್ಬಿ ಓಡಿ ಬಂದರು. ಕಂಬಕ್ಕೂ ನನಗೂ ನಡುವೆ ಸಿಕ್ಕಿಕೊಂಡು ನಿಂತ ಮಗಳನ್ನು ಕಂಡು ಅವರ ಜೀವ ಬಾಯಿಗೆ ಬಂತು. "ನೀ ಕೂಗಿದ್ದು ಪುಣ್ಯೆ ಆತು ನನ್ನವ್ವಾ... ಬಡದಿದ್ದು ಪುಣ್ಯೆ ಆತು..."

"ನಾ ಎಲ್ಲಿ ಕೂಗೀನಪಾ?" ಎಂದಳು ಮುಕ್ತಾ. "ನಾ ನೋಡೇ ಇಲ್ಲ. ನನಗ ಗೊತ್ತ ಆಗಿಲ್ಲ."

ಅವಳ ಎರಡೂ ಕೈ ತುಂಬ ಕುಂಬಳದ ಹೋಳು. ಮಣಿಕಟ್ಟಿನಲ್ಲಿ ಒಂದೂ ಬಳೆಯಿರಲಿಲ್ಲ. ಅವ್ವ ಹೋದ ಮೇಲೆ ಅವಳು ಬಳೆ ತೊಟ್ಟಿರಲಿಲ್ಲ. ಹಿತ್ತಲಿನಲ್ಲಿ ಬೇರೆ ಯಾರೂ ಇರಲಿಲ್ಲ.

ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ಮುಕ್ತಾ ಮೆಲ್ಲಗೆ, "ಏನಂತ ಕೂಗಿದ್ರು?" ಎಂದು ಕೇಳಿದಳು. ಗುರುಶಾಂತಪ್ಪ ಹೇಳಿದರು. ಅವಳ ಕೈಯಿಂದ ಹೋಳುಗಳು ಉದುರಿದವು. ಅಪ್ಪನನ್ನು ಗಟ್ಟಿಯಾಗಿ ತಬ್ಬಿಕೊಂಡು, ಒಂದು ವರ್ಷ ಕಟ್ಟಿಟ್ಟ ಅಳುವನ್ನೆಲ್ಲ ಅಲ್ಲೇ ಅತ್ತಳು. "ನಾ ನಗಬಾರದಿತ್ತು ಮಗಳ, ನಾ ಅವತ್ತ ನಗಬಾರದಿತ್ತು" ಎಂದು ಅವರು ಅದನ್ನೇ ಹೇಳುತ್ತಿದ್ದರು.

ಯಾರು ಹೊಡೆದದ್ದು ಎಂದು ನನ್ನನ್ನು ಬಹಳ ಸಲ ನಾನೇ ಕೇಳಿಕೊಂಡಿದ್ದೇನೆ. ಕಣ್ಣು ತೆರೆದಿದ್ದರೆ ಹೇಳುತ್ತಿದ್ದೆ. ಏಟು ಬಿದ್ದದ್ದು ನಿಜ, ಬಳೆ ಸದ್ದು ನಿಜ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ಮರುದಿನ ಬನ್ನಿ. ಗುರುಶಾಂತಪ್ಪ ನನ್ನೆದುರು ಕೀಲಿ ಹಿಡಿದು ಹೋಗಲೋ ಬೇಡವೋ ಎಂದು ನಿಂತಿದ್ದರು. ಮುಕ್ತಾ ಒಂದು ಚೀಲ ಹಿಡಿದು ಬಂದಳು. "ಅಜ್ಜಿ ಹಾದಿ ನೋಡ್ತಿರ್ತಾಳ" ಎಂದಳು. ಮುಂದೆ ಕೂರಲಿಲ್ಲ. ಹಿಂದಿನ ಬಾಗಿಲು ತೆರೆದು ಬಲಗಡೆ ಕೂತು, ಬೆಲ್ಟ್ ಹಾಕಿಕೊಂಡಳು. ಅವಳ ಭಾರ ನನಗೆ ಹೊಸದು. ಎಷ್ಟು ಹಗುರ, ಎಷ್ಟು ಬಿಗಿ! ಬಾಗಿಲಿಗೆ ಅಂಟಿಕೊಂಡೇ ಕೂತಿದ್ದಳು, ಪಾಪ.

ಗೇಟು ದಾಟುವಷ್ಟರಲ್ಲಿ ಶುರುವಾಯಿತು. ಟಿಂಗ್, ಟಿಂಗ್, ಟಿಂಗ್.

"ಏನಪಾ ಅದು?"

"ಅದು... ಕೆಟ್ಟೈತಿ ಮಗಳ. ಹಿಂದಿನ ಎಡಗಡೆ ಸೀಟು. ಬೆಲ್ಟ್ ಹಾಕ್ರಿ ಅಂತ ಬಡ್ಕೋತೈತಿ. ಎಷ್ಟ ರಿಪೇರಿ ಮಾಡ್ಸಿದ್ರೂ..."

ಮುಕ್ತಾ ಪಕ್ಕದ ಸೀಟನ್ನು ನೋಡಿದಳು. ಬಿಸಿಲು ಬಿದ್ದ ಖಾಲಿ ಸೀಟು. ಆಮೇಲೆ ಆ ಕಡೆ ಬಾಗಿ, ಬೆಲ್ಟನ್ನು ಮೆಲ್ಲಗೆ ಎಳೆದು, ನಡುವೆ ಯಾರದೋ ಹೊಟ್ಟೆಗೆ ಒತ್ತಬಾರದೆಂಬ ಹಾಗೆ ಸಡಿಲ ಬಿಟ್ಟು, ಹೇಳಿದಳು:

"ಅವ್ವಾ, ಸ್ವಲ್ಪ ಕೈ ಎತ್ತು."

ಕಟಕ್ಕೆಂದಿತು. ನನ್ನ ಸದ್ದು ನಿಂತಿತು.

ಗುರುಶಾಂತಪ್ಪ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದರು. ನನ್ನ ಪರದೆಯಲ್ಲಿ ಹಿಂದಿನ ಸೀಟು ಕಾಣುವುದಿಲ್ಲವಲ್ಲ. ಅವರು ಬೆಲ್ಟ್ ಬಿಚ್ಚಿ, ಇಡೀ ಮೈ ತಿರುಗಿಸಿ, ಹಿಂದೆ ನೋಡಿದರು. ಬಲಗಡೆ ಮಗಳನ್ನು ನೋಡಿದರು, ಎಡಗಡೆಯನ್ನೂ ನೋಡಿದರು. ಆಮೇಲೆ ತಿರುಗಿ ಕೂತು, ಮೂಗೊರೆಸಿಕೊಂಡು, "ಹೋಗೂಣು?" ಎಂದರು. ಯಾರನ್ನು ಕೇಳಿದರೋ. ಮುಕ್ತಾ "ಹೂಂ" ಎಂದಳು. ನಾವು ಅಣ್ಣಿಗೇರಿಗೆ ಹೋದೆವು.

ಆ ಬೆಲ್ಟನ್ನು ಮತ್ತೆ ಯಾರೂ ಬಿಚ್ಚಲಿಲ್ಲ. ಆ ಶಬ್ದ ಮತ್ತೆ ಬರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ನಮ್ಮ ಜಾತಿಯ ಕಾರುಗಳನ್ನು ಮಾಡುವುದನ್ನು ಕಂಪನಿ ಯಾವತ್ತೋ ನಿಲ್ಲಿಸಿತು. ನನ್ನ ಬ್ಯಾಟರಿ ಸತ್ತ ಮೇಲೆ ಬೇರೆ ಸಿಗಲಿಲ್ಲ. ಗುರುಶಾಂತಪ್ಪ ಗುಜರಿಗೆ ಕೊಡಲು ಒಪ್ಪದೆ ನನ್ನನ್ನು ಅಶ್ಫಾಕನ ಶೆಡ್ಡಿಗೆ ತಂದು ಬಿಟ್ಟರು, ಮತ್ತೆ ಕೆಲವು ವರ್ಷಕ್ಕೆ ಅವರೂ ಹೋದರು. ಮುಕ್ತಾ ಈಗ ಗದಗಿನಲ್ಲಿ ಶಿಕ್ಷಕಿ. ತಾನೇ ಕಾರು ಓಡಿಸುತ್ತಾಳೆ, ಹಿಂದೆ ಗಾಜಿರುವ ಕಾರು. ಬನ್ನಿಯ ದಿನ ತಪ್ಪದೆ ಬಂದು, ನನ್ನ ಎಡ ಸೀಟಿನ ಮೇಲೆ ಬನ್ನಿ ಎಲೆ ಇಟ್ಟು, "ಬಂಗಾರದಂಗಿರು" ಎಂದು ಹೋಗುತ್ತಾಳೆ. ಅವಳ ಕೈ ತುಂಬ ಹಸಿರು ಬಳೆ.

ತಮಾಷೆ ಕೇಳಿ. ಕಾರಿನ ಹುಚ್ಚಿರುವವರು ಈಗ ದೂರದೂರದಿಂದ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಎಂಥ ಧೈರ್ಯದ ವಿನ್ಯಾಸ, ಜನಕ್ಕೆ ಆಗ ಅರ್ಥವಾಗಲಿಲ್ಲ ಎಂದು ಲೊಚಗುಟ್ಟುತ್ತಾರೆ. ಅಶ್ಫಾಕ್ ಮುದುಕನಾಗಿದ್ದಾನೆ, ಬಾಯಿ ಮಾತ್ರ ಅದೇ. "ಹೌದ್ರಿ, ಭಾಳ ಚಂದ ಕಪಾಟು" ಎನ್ನುತ್ತಾನೆ. ಅವರು ಒಳಗೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಯಾರಾದರೂ ಹಿಂದಿನ ಎಡ ಸೀಟಿಗೆ ಕೈ ಹಾಕಿದರೆ ಮಾತ್ರ ಶೆಡ್ಡಿನ ಆ ತುದಿಯಿಂದ ಅವನು ಗುಡುಗುತ್ತಾನೆ. "ಏ, ಅಲ್ಲಿ ಬ್ಯಾಡ! ಅಲ್ಲಿ ಮಂದಿ ಅದಾರ!"

ಬಂದವರು ನಕ್ಕು ಇಳಿಯುತ್ತಾರೆ. ಶೆಡ್ಡು ಮತ್ತೆ ನಿಶ್ಶಬ್ದವಾಗುತ್ತದೆ. ನನ್ನ ಮುಖ ಗೋಡೆಗಿದೆ, ಕ್ಯಾಮೆರಾ ಕುರುಡಾಗಿದೆ, ಮುಂದೆ ನೋಡಲು ನನಗೇನೂ ಉಳಿದಿಲ್ಲ. ಹಿಂದೆ ನೋಡಬೇಡಿ ಎಂದು ಕೂಗಿ ಮಾರಿದ ನನಗೆ ಈಗ ಹಿಂದಿನದೇ ಎಲ್ಲ. ಮೈಯಲ್ಲಿ ಒಂದು ಹನಿ ವಿದ್ಯುತ್ತಿಲ್ಲ, ಆದರೂ ಎಡ ಸೀಟಿನ ಮೇಲೆ ಹಗೂರಕ್ಕೆ ಕೂತ ಆ ಭಾರ ನನಗೆ ತಿಳಿಯುತ್ತದೆ. ಬೆಲ್ಟ್ ಹಾಕಿದೆ. ಅದಕ್ಕೇ ಸುಮ್ಮನಿದ್ದೇನೆ.